ಸ್ಟೇಟ್‌ಬ್ಯಾಂಕಿನಲ್ಲಿ ಇಳಿದವರು

ಮಂಗಳೂರು ಹೊಸಬರಿಗೆ ಕಲಿಸುವ ಮೊದಲ ಪಾಠ ಸಿಟಿ ಬಸ್ಸಿನ ಫುಟ್‌ಬೋರ್ಡಿನಿಂದಲೇ ಶುರುವಾಗುತ್ತದೆ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಒಂದೇ ಉಸಿರಿಗೆ ಕೂಗುತ್ತಾನೆ. ಬೆಳಗಾಗೆದ್ದು ಇಷ್ಟೊಂದು ಜನಕ್ಕೆ ಬ್ಯಾಂಕಿನಲ್ಲಿ ಏನು ಕೆಲಸವೋ ಎಂದು ಹೊಸಬ ಬೆರಗಾಗುತ್ತಾನೆ. ಇಳಿದ ಮೇಲೆ ಗೊತ್ತಾಗುತ್ತದೆ, ಅದು ಬಸ್ ನಿಲ್ದಾಣ. ಪಕ್ಕದ ಬ್ಯಾಂಕಿನ ಹೆಸರು ನಿಲ್ದಾಣಕ್ಕೆ ಅಂಟಿಕೊಂಡಿದೆ, ಅಷ್ಟೆ. ದಕ್ಕೆಯ ಕಡೆಯಿಂದ ಮೀನಿನ ವಾಸನೆ, ಸುತ್ತ ಬಸ್ಸುಗಳ ಹಾರ್ನು. ಹೆಸರು ಕೇಳಿ ಮೋಸಹೋದವನಿಗೆ ಇಲ್ಲಿ ನಷ್ಟವೇನಿಲ್ಲ. ಹತ್ತು ಹೆಜ್ಜೆ ನಡೆದರೆ ಸರಿಹೋಗುತ್ತದೆ.

ಬ್ಯಾಂಕುಗಳ ತವರು ಎಂದು ಹೆಸರಾದ ಊರಿದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ಹಿಂದೂ ಪರ್ಮನೆಂಟ್ ಫಂಡೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಇಲ್ಲೇ ಹುಟ್ಟಿದವು. ಉಡುಪಿಯಲ್ಲಿ 1906ರಲ್ಲಿ ಆರಂಭವಾದ ಕಾರ್ಪೊರೇಶನ್ ಬ್ಯಾಂಕ್ ತನ್ನ ಪ್ರಧಾನ ಕಚೇರಿಯನ್ನು ಮಂಗಳೂರಿನಲ್ಲೇ ಇಟ್ಟುಕೊಂಡಿತ್ತು. ಉಡುಪಿಯದೇ ಆದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಉಳಿಸುವವನ ಬಾಗಿಲಿಗೂ ಬ್ಯಾಂಕೇ ಬರುತ್ತಿತ್ತು. ಪಿಗ್ಮಿಯವನ ಮುಖ, ಸೈಕಲ್ಲು, ಬರುವ ಹೊತ್ತು ಎಲ್ಲ ಅಂಗಡಿಯವನಿಗೆ ಪಾಠವಾಗಿರುತ್ತಿದ್ದವು. ‘ನಾನು ಬ್ಯಾಂಕಿನಿಂದ ಬಂದವನು’ ಎಂದು ಬೇರೊಬ್ಬ ಹೇಳಿದರೆ ನಂಬುವವರು ಯಾರಿದ್ದರು?

ನಿಲ್ದಾಣದಿಂದ ಎ.ಬಿ. ಶೆಟ್ಟಿ ವೃತ್ತದತ್ತ ನಡೆದರೆ ಒಂದು ವಿಚಿತ್ರ ಎದುರಾಗುತ್ತದೆ. ವೃತ್ತಕ್ಕೆ ವಿಜಯಾ ಬ್ಯಾಂಕಿನ ಸ್ಥಾಪಕರ ಹೆಸರಿದೆ, ಆದರೆ ಆ ಬ್ಯಾಂಕೇ ಈಗಿಲ್ಲ. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿದವು. ಫಲಕಗಳು ಬದಲಾದವು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು, ಐಎಫ್‌ಎಸ್‌ಸಿ ಸಂಖ್ಯೆಯೂ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರುಗಳೇ ಉಳಿದವು. ಪಾಂಡೇಶ್ವರದಲ್ಲಿ ‘ಕಾರ್ಪೊರೇಶನ್ ಬ್ಯಾಂಕ್ ಎಲ್ಲಿ’ ಎಂದು ಕೇಳಿದರೆ ಈಗಲೂ ಯಾರಾದರೂ ಕೈ ತೋರಿಸುತ್ತಾರೆ.

ಕೈ ತೋರಿಸುವವರು ಮೊಬೈಲಿನೊಳಗೂ ಇದ್ದಾರೆ. ಎಟಿಎಮ್ಮಿನಲ್ಲಿ ಹಣ ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು ಎಂದಿಟ್ಟುಕೊಳ್ಳಿ. ಗ್ರಾಹಕ ಸಿಟ್ಟಿನಲ್ಲಿ ಎಕ್ಸ್‌ನಲ್ಲೋ ಫೇಸ್‌ಬುಕ್‌ನಲ್ಲೋ ಬ್ಯಾಂಕಿನ ಹೆಸರು ಹಿಡಿದು ನಾಲ್ಕು ಮಾತು ಬರೆಯುತ್ತಾನೆ. ಐದು ನಿಮಿಷದಲ್ಲಿ ಉತ್ತರ: ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಮೊಬೈಲ್ ಸಂಖ್ಯೆಯನ್ನು ಖಾಸಗಿಯಾಗಿ ಕಳಿಸಿ.’ ಲಾಂಛನ ಬ್ಯಾಂಕಿನದೇ. ಹೆಸರಿನ ಬಾಲಕ್ಕೆ ‘ಕೇರ್’ ಎಂದೋ ‘ಹೆಲ್ಪ್’ ಎಂದೋ ಸೇರಿಸಿರುತ್ತದೆ. ಕೌಂಟರಿನಲ್ಲಿ ಅರ್ಧ ದಿನ ಕಾದವನಿಗೆ ಈ ವಿನಯ ದೇವರು ಕಳಿಸಿದಂತೆ ಕಾಣುವುದು ಸಹಜ. ಜನ ಬೀಳುವುದು ದಡ್ಡತನದಿಂದ ಎನ್ನುವವರು ಈ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ಖಾತೆಯ ಜಾತಕ ನೋಡಲು ಎರಡು ನಿಮಿಷ ಸಾಕು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಇರುತ್ತದೆ. ತೆರೆದದ್ದು ಹೋದ ತಿಂಗಳು, ಹಿಂಬಾಲಕರು ಬೆರಳೆಣಿಕೆಯಷ್ಟು, ಹಳೆಯ ಬರಹಗಳೇ ಇಲ್ಲ. ಇದ್ದರೂ ಊರೂರಿನ ಸಿಟ್ಟಿನ ಗ್ರಾಹಕರಿಗೆ ಕೊಟ್ಟ ಒಂದೇ ಅಚ್ಚಿನ ಉತ್ತರಗಳು. ನೀಲಿ ಟಿಕ್ ನೋಡಿ ನಂಬುವ ಕಾಲವೂ ಮುಗಿಯಿತು. 2022ರ ನವೆಂಬರ್‌ನಲ್ಲಿ ಟ್ವಿಟರ್ ಅದನ್ನು ದುಡ್ಡಿಗೆ ಮಾರಲು ಹೊರಟ ಕೂಡಲೇ ಅಮೆರಿಕದ ಎಲಿ ಲಿಲ್ಲಿ ಔಷಧ ಕಂಪನಿಯ ಹೆಸರಿನಲ್ಲಿ ಯಾರೋ ಟಿಕ್ ಕೊಂಡು, ಇನ್ಸುಲಿನ್ ಇನ್ನು ಪುಕ್ಕಟೆ ಎಂದು ಸಾರಿಬಿಟ್ಟರು. ನಿಜವಾದ ಕಂಪನಿ ಕ್ಷಮೆ ಕೇಳಬೇಕಾಯಿತು.

ಮಂಗಳೂರಿನವರಿಗೆ ಇನ್ನೊಂದು ಗುರುತೂ ಉಂಟು. ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಹೆಸರಿನಲ್ಲಿ ಇವತ್ತು ಯಾವುದಾದರೂ ‘ಗ್ರಾಹಕ ಸೇವೆ’ ಮಾತನಾಡಿಸಿದರೆ ಹೆಚ್ಚಿನ ಪರೀಕ್ಷೆ ಬೇಡ. ಇಲ್ಲದ ಬ್ಯಾಂಕಿಗೆ ಗ್ರಾಹಕರು ಎಲ್ಲಿಂದ?

ಸಂಖ್ಯೆ ಕೊಟ್ಟ ಮೇಲಿನ ಕತೆ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಹತ್ತಂಕಿಯ ಮೊಬೈಲಿನಿಂದ ಕರೆ. ದೂರು ದಾಖಲಿಸಲು ಹತ್ತು ರೂಪಾಯಿ ಕಟ್ಟಿ ಎನ್ನುತ್ತಾರೆ, ಇಲ್ಲವೇ ವಾಟ್ಸ್‌ಆ್ಯಪಿಗೆ ಒಂದು ಫೈಲ್ ಕಳಿಸಿ ಮೊಬೈಲಿಗೆ ಹಾಕಿಕೊಳ್ಳಿ ಎನ್ನುತ್ತಾರೆ. ಆ ಫೈಲಿನ ಮೂಲಕ ಓಟಿಪಿ ಅವರ ಕೈಗೆ ಹೋಗುತ್ತದೆ. ಎನಿಡೆಸ್ಕ್ ಎಂಬ ಆ್ಯಪ್ ಹಾಕಿಸಿ ದೂರದಿಂದಲೇ ಫೋನು ನಡೆಸುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ‘ಹಣ ವಾಪಸ್ ಹಾಕುತ್ತೇವೆ, ಯುಪಿಐ ಪಿನ್ ಒತ್ತಿ’ ಎಂಬುದು ಇನ್ನೊಂದು ವರಸೆ. ಪಿನ್ ಒತ್ತುವುದು ಹಣ ಕೊಡಲು, ಪಡೆಯಲು ಅಲ್ಲ.

ಸರಿಯಾದ ಸಂಖ್ಯೆ ಎಲ್ಲಿದೆ ಎಂದರೆ, ಡೆಬಿಟ್ ಕಾರ್ಡಿನ ಬೆನ್ನ ಮೇಲೆ. ಗೂಗಲ್‌ನಲ್ಲಿ ಹುಡುಕುವುದಕ್ಕಿಂತ ಅದು ಮೇಲು. ನಕ್ಷೆಯಲ್ಲಿ ಬ್ಯಾಂಕ್ ಶಾಖೆಯ ದೂರವಾಣಿ ಸಂಖ್ಯೆಯನ್ನೇ ತಿದ್ದಿ ತಮ್ಮದನ್ನು ಹಾಕಿದ ದೂರುಗಳು 2018ರಲ್ಲಿ ಮಹಾರಾಷ್ಟ್ರದಲ್ಲಿ ಬಂದಿದ್ದವು. ಬ್ಯಾಂಕುಗಳ ಜಾಲತಾಣದ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಫೇಸ್‌ಬುಕ್, ಎಕ್ಸ್ ಖಾತೆಗಳ ಕೊಂಡಿಯನ್ನು ಆ ತಾಣದಿಂದಲೇ ಹಿಡಿದುಕೊಂಡು ಹೋದರೆ ದಾರಿ ತಪ್ಪುವುದಿಲ್ಲ.

ಹಣ ಹೋಗಿಯೇಬಿಟ್ಟರೆ ಮರ್ಯಾದೆಗೆ ಅಂಜಿ ಮನೆಯಲ್ಲಿ ಕೂರುವುದು ಎರಡನೆಯ ನಷ್ಟ. 1930ಕ್ಕೆ ಕರೆ ಮಾಡಿದಷ್ಟು ಬೇಗ, ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಆಗಲೇ ತಿಳಿಸಬೇಕು. ಗ್ರಾಹಕ ತಾನೇ ಗುಟ್ಟು ಬಿಟ್ಟುಕೊಟ್ಟಿದ್ದರೂ, ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು.

ಹಂಪನಕಟ್ಟೆ ಸುತ್ತಿನ ಶಾಖೆಗಳಲ್ಲಿ ಪಾಸ್‌ಬುಕ್ ಅಚ್ಚುಹಾಕಿಸುವ ಸಾಲು ಇನ್ನೂ ಕರಗಿಲ್ಲ. ಬೆಂಗರೆಯಿಂದ ದೋಣಿ ದಾಟಿ ಬಂದವರು, ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ ಸುತ್ತಿಟ್ಟುಕೊಂಡ ಅಜ್ಜಂದಿರು ನಿಧಾನಕ್ಕೆ ಮುಂದೆ ಸರಿಯುತ್ತಾರೆ. ಮನೆಯಲ್ಲಿ ಮೊಮ್ಮಕ್ಕಳು, ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಅಜ್ಜ ಎಂದು ನಕ್ಕಿರಬಹುದು. ಅಚ್ಚಾದ ಪುಟವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಸಾಲಿನ ಮೊತ್ತವನ್ನು ಬೆರಳಿಟ್ಟು ಓದುತ್ತಾರೆ. ಆಮೇಲೆ ಚೀಲಕ್ಕೆ ಹಾಕಿ, ಸ್ಟೇಟ್‌ಬ್ಯಾಂಕಿನ ಕಡೆಗೆ ನಡೆಯುತ್ತಾರೆ, ಬಸ್ಸು ಹಿಡಿಯಲು.