ಬೈಲಕುಪ್ಪೆಯ ಏಳು ಬಟ್ಟಲುಗಳು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಇನ್ನೇನು ಕುಶಾಲನಗರ ಬಂದಿತು ಎನ್ನುವಷ್ಟರಲ್ಲಿ ಕೊಪ್ಪ ಎಂಬ ಊರು ಸಿಗುತ್ತದೆ. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಹೊರಳಿದರೆ ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ನೆಲೆ. ದಸರೆಯ ರಜೆಯಲ್ಲಿ ನಾವು ಪತಿಪತ್ನಿಯರು ಅಲ್ಲಿಗೆ ಹೊರಟಾಗ, ಪಿಯುಸಿ ಓದುತ್ತಿರುವ ನಮ್ಮ ತಮ್ಮನ ಮಗಳೂ ಜೊತೆಗಿದ್ದಳು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ದಿನಗಳಲ್ಲಿ ನಮಗೂ ತಮ್ಮನಿಗೂ ಮಾತು ಕಡಿಮೆಯಾಗಿತ್ತು. ನಮ್ಮ ತಾಯಿಯವರು ತೀರಿಕೊಂಡು ಒಂದೂವರೆ ವರ್ಷ ಕಳೆದಿದ್ದರೂ ಊರ ಮನೆಯಲ್ಲಿ ಅವರ ಕೋಣೆಗೆ ಹಾಕಿದ ಬೀಗ ಹಾಗೆಯೇ ಇತ್ತು. ಕೀಲಿಕೈ ಪಟ್ಟಣದಲ್ಲಿರುವ ನಮ್ಮ ಬಳಿ. ಮಗಳ ಓದಿಗೆ ಆ ಕೋಣೆ ಬೇಕೆಂದು ತಮ್ಮನು ಎರಡು ಸಲ ಕೇಳಿದ್ದನು. "ಅವ್ವ ಇಟ್ಟುಹೋದದ್ದು ಇಟ್ಟ ಹಾಗೆಯೇ ಇರಲಿ" ಎಂದು ನಾವು ಉತ್ತರಿಸಿದ್ದೆವು. ಮೂರನೆಯ ಸಲ ಅವನು ಕೇಳಲಿಲ್ಲ, ಹಬ್ಬಕ್ಕೂ ಬರಲಿಲ್ಲ. ಮುನಿಸು ದೊಡ್ಡವರದು, ಮಗುವಿಗೇನು? ಅವಳು ನಗುನಗುತ್ತಲೇ ನಮ್ಮೊಡನೆ ಬಂದಿದ್ದಳು.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ಹಿಮಾಲಯವನ್ನು ದಾಟಿದರು. ಅವರಿಗೆ ನೆಲೆ ಒದಗಿಸಲು ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿಯನ್ನು ನೀಡಿತು. ಎಸ್. ನಿಜಲಿಂಗಪ್ಪನವರ ನೆರವನ್ನು ದಲೈ ಲಾಮಾ ಅವರು ಅನೇಕ ಸಂದರ್ಭಗಳಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಹಿಮದ ನಾಡಿನ ಜನ ಇಲ್ಲಿಯ ಸೆಕೆಯಲ್ಲಿ ಡೇರೆಗಳಲ್ಲಿದ್ದು ಕಾಡು ಕಡಿದು ಹೊಲ ಮಾಡಿದರು. ಆನೆಗಳ ಹಾವಳಿಯನ್ನು ಸಹಿಸಿದರು. ಇಂದು ಅಲ್ಲಿ ಮುಸುಕಿನ ಜೋಳದ ಹೊಲಗಳು ಹರಡಿಕೊಂಡಿವೆ. ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಬಡಿಯುತ್ತಿರುತ್ತವೆ.

ಲ್ಹಾಸಾದ ಬಳಿ 1419ರಲ್ಲಿ ಸ್ಥಾಪನೆಯಾದ ಸೇರಾ ಮಹಾವಿಹಾರವು 1970ರಲ್ಲಿ ಇಲ್ಲಿ ಮತ್ತೆ ಬೇರೂರಿತು. ಯಾತ್ರಿಕರೆಲ್ಲ ನೋಡಲು ಹಂಬಲಿಸುವುದು ನಾಮ್‌ಡ್ರೋಲಿಂಗ್ ವಿಹಾರವನ್ನು. ಪೂರ್ವ ಟಿಬೆಟ್ಟಿನ ಪಾಲ್‌ಯುಲ್ ಪರಂಪರೆಯ ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಕೆಲವೇ ಭಿಕ್ಷುಗಳೊಡನೆ ಬಿದಿರಿನ ಗುಡಿಯೊಂದನ್ನು ಕಟ್ಟಿ ಇದನ್ನು ಆರಂಭಿಸಿದರು. 1999ರಲ್ಲಿ ಉದ್ಘಾಟನೆಗೊಂಡ ಇಲ್ಲಿಯ ದೇಗುಲವನ್ನು ಜನ ಸುವರ್ಣ ಮಂದಿರವೆಂದು ಕರೆಯುತ್ತಾರೆ. ಒಳಗೆ ನಡುವೆ ಸುಮಾರು 60 ಅಡಿ ಎತ್ತರದ ಬುದ್ಧ, ಇಕ್ಕೆಲಗಳಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್. ಮೂರೂ ಹೊನ್ನಿನ ಲೇಪದ ಮೂರ್ತಿಗಳು. ಪ್ರಾರ್ಥನೆಯ ಸಮಯಕ್ಕೆ ಹೋದರೆ ಭಿಕ್ಷುಗಳ ಗಂಭೀರ ಪಠಣವನ್ನೂ, ಉದ್ದನೆಯ ಕಹಳೆಗಳ ನಾದವನ್ನೂ ಕೇಳಬಹುದು.

ಆ ವೈಭವವನ್ನು ಕಂಡು ನಾವು ಬೆರಗಾದೆವು. ಆದರೆ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ.

ಸಂಜೆ ಉಣ್ಣೆಯ ಬಟ್ಟೆಗಳ ಒಂದು ಸಣ್ಣ ಅಂಗಡಿಯನ್ನು ಹೊಕ್ಕೆವು. ಅಂಗಡಿಯ ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಚೊಕ್ಕ ಕನ್ನಡದಲ್ಲಿ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಒಳಕೋಣೆಯಲ್ಲಿ ಪೂಜೆಯ ಪೀಠ; ಅದರ ಮುಂದೆ ಸಾಲಾಗಿ ಏಳು ಬಟ್ಟಲುಗಳು, ಎಲ್ಲದರಲ್ಲೂ ತಿಳಿನೀರು. ಹೊತ್ತು ಮುಳುಗುವ ಮುನ್ನ ಅವರು ಒಂದೊಂದನ್ನೇ ಎತ್ತಿ ನೀರನ್ನು ಪಾತ್ರೆಗೆ ಸುರಿದು, ಬಟ್ಟಲನ್ನು ಒರೆಸಿ, ಬೋರಲಾಗಿ ಇಟ್ಟರು. ಪಾತ್ರೆಯ ನೀರು ಬಾಗಿಲ ಬಳಿಯ ಹೂವಿನ ಗಿಡಕ್ಕೆ ಹೋಯಿತು.

ಮಗು ಕುತೂಹಲದಿಂದ ಕೇಳಿದಳು: "ಅಜ್ಜೀ, ದೇವರಿಗಿಟ್ಟ ನೀರನ್ನು ಯಾಕೆ ಸುರಿದುಬಿಟ್ಟಿರಿ?"

"ನಾಳೆ ಬೆಳಿಗ್ಗೆ ಹೊಸ ನೀರು ಇಡಬೇಕಲ್ಲಮ್ಮ. ಇದನ್ನೇ ಇಟ್ಟುಕೊಂಡು ಕೂತರೆ ಅದಕ್ಕೆ ಜಾಗ ಎಲ್ಲಿ?" ಎಂದು ಅಜ್ಜಿ ನಕ್ಕರು.

ನೀರನ್ನೇ ಏಕೆ ಅರ್ಪಿಸುತ್ತೀರೆಂದು ನಾವು ವಿಚಾರಿಸಿದೆವು. ಹೊನ್ನು ಕೊಟ್ಟರೆ ಕೊಟ್ಟೆನೆಂಬ ಹೆಮ್ಮೆಯೋ, ಹೋಯಿತೆಂಬ ಸಂಕಟವೋ ಉಳಿಯುತ್ತದೆ. ನೀರು ಬಡವನಿಗೂ ಸಿಗುವುದರಿಂದ ಅದನ್ನು ಕೊಡುವಾಗ ಕೈ ಹಿಂದೆಗೆಯುವುದಿಲ್ಲ. ಹಾಗೆ ನಿತ್ಯ ಕೊಟ್ಟು ಕೊಟ್ಟು ಕೈಗೆ ರೂಢಿಯಾಗಬೇಕು ಎಂಬುದು ಅವರ ಮಾತಿನ ಸಾರ. ತಂದೆಯ ಬೆನ್ನ ಮೇಲೆ ಹಿಮದ ಕಣಿವೆಗಳನ್ನು ದಾಟಿ ಬಂದ ಮಗು ಅವರು. ಹುಟ್ಟಿದ ಮನೆಯನ್ನು ಮತ್ತೆ ಕಾಣಲೇ ಇಲ್ಲ. ಅದನ್ನು ಹೇಳುವಾಗ ದನಿ ತುಸು ನಡುಗಿತು. ಮರುಕ್ಷಣವೇ ಮಗುವಿಗೆ ಇನ್ನೊಂದು ಬಿಸ್ಕತ್ತು ಕೊಡಲು ಎದ್ದರು.

ಬೌದ್ಧರು ನಾಲ್ಕು ಭಾವನೆಗಳನ್ನು ಅಭ್ಯಾಸ ಮಾಡಬೇಕೆನ್ನುತ್ತಾರೆ: ಮೈತ್ರಿ, ಕರುಣೆ, ಮುದಿತಾ, ಉಪೇಕ್ಷೆ. ಕೊನೆಯ ಮಾತು ನಮ್ಮ ಬಳಕೆಯಲ್ಲಿ ಅಲಕ್ಷ್ಯವೆಂಬ ಅರ್ಥಕ್ಕೆ ಇಳಿದಿದೆ. ಅವರಲ್ಲಿ ಅದು ಸಮಚಿತ್ತ. ಪ್ರೀತಿಯನ್ನು ಕಳೆದುಕೊಳ್ಳದೆ ಹಿಡಿತವನ್ನು ಮಾತ್ರ ಸಡಿಲಿಸುವುದು. ಮುದಿತಾ ಎಂದರೆ ಇನ್ನೊಬ್ಬರ ಸಂತೋಷದಲ್ಲಿ ತಾನೂ ಸಂತೋಷಪಡುವುದು. ಪುಸ್ತಕಗಳಲ್ಲಿ ನಾವು ಇದನ್ನೆಲ್ಲ ಓದಿದ್ದೆವು. ಆದರೆ ಬಿಡುವುದಕ್ಕೂ ಸಂತೋಷಕ್ಕೂ ಇರುವ ನಂಟು ಆ ಬೋರಲು ಬಟ್ಟಲುಗಳ ಮುಂದೆ ಕುಳಿತಾಗ ಮನಸ್ಸಿಗೆ ನಾಟಿತು. ಬಿಟ್ಟವರ ಕೈ ಬರಿದಾಗುತ್ತದೆ, ನಿಜ. ಬರಿಗೈಯಲ್ಲಿಯೇ ಅಲ್ಲವೆ ಇನ್ನೊಬ್ಬರಿಗೆ ಬಡಿಸಲು ಸಾಧ್ಯ?

ಮರಳುವ ಬಸ್ಸಿನಲ್ಲಿ ಮಗುವನ್ನು ಕೇಳಿದೆವು: "ಮನೆಯಲ್ಲಿ ಎಲ್ಲಿ ಕೂತು ಓದುತ್ತೀಯಮ್ಮಾ?"

"ಜಗಲಿಯ ಮೇಲೆ ದೊಡ್ಡಪ್ಪಾ. ರಾತ್ರಿ ಸೊಳ್ಳೆ ಜಾಸ್ತಿ, ಅಷ್ಟೆ" ಎಂದಳು. ಅವಳ ಮಾತಿನಲ್ಲಿ ದೂರಿನ ಸುಳಿವೂ ಇರಲಿಲ್ಲ. ನಮಗೆ ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು. ಅವ್ವ ಬದುಕಿದ್ದರೆ ಮೊಮ್ಮಗಳನ್ನು ಜಗಲಿಯಲ್ಲಿ ಓದಲು ಬಿಡುತ್ತಿದ್ದರೆ? ಅವರ ಹೆಸರಿನಲ್ಲಿ ನಾವು ಕಾದಿಟ್ಟದ್ದು ಅವರ ಸ್ವಭಾವಕ್ಕೇ ಒಗ್ಗದ ಒಂದು ಬೀಗವನ್ನು.

ದೀಪಾವಳಿಗೆ ಊರಿಗೆ ಹೋದೆವು. ಕೀಲಿಕೈಯನ್ನು ತಮ್ಮನ ಕೈಗೆ ಕೊಟ್ಟಾಗ ಅವನು ಏನೂ ಆಡಲಿಲ್ಲ. ಬಾಗಿಲು ತೆರೆದು, ಅವ್ವನ ಸೀರೆಗಳನ್ನು ಸೊಸೆಯಂದಿರಿಗೂ ನೆರೆಯವರಿಗೂ ಹಂಚಿದೆವು. ಕಂಚಿನ ತಟ್ಟೆಯನ್ನು ಕೈಯಲ್ಲಿ ಹಿಡಿದಾಗ ಅಳು ಉಕ್ಕಿಬಂತು; ಒಂದು ಪ್ರವಾಸದಿಂದ ವೈರಾಗ್ಯ ಬಂದುಬಿಟ್ಟಿತೆಂದು ಹೇಳಿದರೆ ಅದು ಸುಳ್ಳಾದೀತು. ಮಂಚವನ್ನು ಹೊರಗೆ ಸಾಗಿಸಲು ನಾವು ಕೈಹಾಕಿದಾಗ ತಮ್ಮನು ತಡೆದನು.

"ಅಣ್ಣಾ, ಅವ್ವನ ಮಂಚ ಅಲ್ಲೇ ಇರಲಿ ಬಿಡು. ಮಗು ಅದರ ಮೇಲೇ ಮಲಗಿಕೊಳ್ಳಲಿ."

ಅಂದು ರಾತ್ರಿ ಅಣ್ಣತಮ್ಮಂದಿರು ಜಗಲಿಯ ಮೇಲೆ ಬಹಳ ಹೊತ್ತು ಮಾತನಾಡುತ್ತ ಕುಳಿತಿದ್ದೆವು. ಒಂದೂವರೆ ವರ್ಷ ಕತ್ತಲಾಗಿದ್ದ ಆ ಕೋಣೆಯ ಕಿಟಕಿಯಿಂದ ಬೆಳಕು ಅಂಗಳಕ್ಕೆ ಬೀಳುತ್ತಿತ್ತು. ಒಳಗೆ ಮಗು ಓದಿಕೊಳ್ಳುತ್ತಿದ್ದಳು.