ನರಗುಂದದಿಂದ ಗಜೇಂದ್ರಗಡಕ್ಕೆ

ಬೆಳಗಿನ 5 ಗಂಟೆಗೆ ನರಗುಂದದ ಗುಡ್ಡವು ಕತ್ತಲೆಯಲ್ಲಿ ಮತ್ತೊಂದು ಕತ್ತಲೆಯಂತೆ ನಿಂತಿರುತ್ತದೆ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಸಮತಟ್ಟಾದ ಎರೆಭೂಮಿ. ಅದರ ನಡುವೆ ತಲೆಯೆತ್ತಿದ್ದು ಈ ಗುಡ್ಡವೊಂದೇ. ಶಿವಾಜಿಯು 1674ರಲ್ಲಿ ಇದರ ಮೇಲೆ ಕೋಟೆ ಕಟ್ಟಿಸಿದನು. 1858ರ ಮೇ ತಿಂಗಳಲ್ಲಿ ಇಲ್ಲಿಯ ಅರಸ ಬಾಬಾಸಾಹೇಬ ಭಾವೆಯು ಬ್ರಿಟಿಷರ ವಿರುದ್ಧ ಕತ್ತಿಯೆತ್ತಿದನು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು. ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮಲಪ್ರಭೆಯ ನೀರಿನ ಕರದ ವಿಷಯವಾಗಿ ರೈತರು ಬಂಡೆದ್ದು, 1980ರ ಜುಲೈ 21ರಂದು ಗೋಳೀಬಾರು ನಡೆದುದೂ ಇದೇ ಊರಿನಲ್ಲಿ. ಅಂಥ ಊರಿನ ಹೊರಬದಿಯಲ್ಲಿ, ಜನವರಿಯ ಚಳಿಯಲ್ಲಿ, ಇಬ್ಬರು ಸವಾರರು ಸೈಕಲ್ಲುಗಳ ಗಾಳಿಯನ್ನು ಪರೀಕ್ಷಿಸಿ ಪೂರ್ವಕ್ಕೆ ಮುಖಮಾಡಿದರು.

ಒಬ್ಬಳು ರೋಣ ತಾಲೂಕಿನ ಹುಡುಗಿ. ಮತ್ತೊಬ್ಬನು ಅವಳ ದೊಡ್ಡಪ್ಪನ ಮಗ. ಗದಗ, ಬಾಗಲಕೋಟೆ, ವಿಜಯಪುರದ ಸೀಮೆಯು ಸೈಕಲ್ ಪಟುಗಳಿಗೆ ಹೆಸರಾದುದೆಂಬುದನ್ನು ವಾಚಕರು ಬಲ್ಲರು. ಹುಡುಗಿಯ ತರಬೇತಿದಾರರು ಇರುವುದು ದೂರದ ಊರಿನಲ್ಲಿ. ಅವಳು ಎಷ್ಟು ತುಳಿದಳು, ಎದೆಬಡಿತ ಎಷ್ಟಕ್ಕೇರಿತು ಎಂಬುದನ್ನು ಅವರು ಕಣ್ಣಾರೆ ಕಾಣಲಾರರು. ಹ್ಯಾಂಡಲಿನ ಮೇಲೆ ಕುಳಿತಿರುವ ಅಂಗೈಯಗಲದ ಜಿಪಿಎಸ್ ಯಂತ್ರವು ಬರೆದಿಟ್ಟುದೇ ಅವರಿಗೆ ಸಾಕ್ಷಿ. ಆ ದಿನದ ದಾಖಲೆಯು ರಾತ್ರಿ 11 ಗಂಟೆಯೊಳಗೆ ಅವರ ಕೈಸೇರಬೇಕಾಗಿತ್ತು. ಮರುದಿನ ತಂಡದ ಹೆಸರುಗಳು ನಿಶ್ಚಯವಾಗುವುದರಲ್ಲಿದ್ದುವು.

ನರಗುಂದದಿಂದ ರೋಣದವರೆಗಿನ ಹಾದಿಯಲ್ಲಿ ಏರಿಳಿತವಿಲ್ಲ, ಆದರೆ ಗಾಳಿಯಿದೆ. ಇಬ್ಬದಿಗೂ ಹಿಂಗಾರಿಯ ಬಿಳಿಜೋಳ, ಕಡಲೆ, ನಡುನಡುವೆ ಕುಸುಬೆಯ ಅಕ್ಕಡಿ. ಬೆಣ್ಣಿಹಳ್ಳವು ಈ ತಿಂಗಳಲ್ಲಿ ಕೇವಲ ಮಣ್ಣಿನ ದಂಡೆಗಳ ನಡುವಿನ ಒಂದು ಗೆರೆ. ಮಳೆಗಾಲದಲ್ಲಿ ಅದು ಹೊಲಗಳನ್ನೇ ನುಂಗಿ ಮಲಪ್ರಭೆಗೆ ಸೇರುವುದೆಂದು ಈಗ ನೋಡಿದವರು ನಂಬಲಾರರು. ರೋಣದ ಬಸ್ ನಿಲ್ದಾಣದ ಬಳಿ ಮಿರ್ಚಿ, ಗಿರ್ಮಿಟ್ಟು, ಚಹ. ಚಾರ್ಜು ಮಾಡುವ ತಂತಿಯನ್ನು ಮನೆಯಲ್ಲಿಯೇ ಮರೆತುದು ಅಲ್ಲಿ ನೆನಪಾಗಿ, ಅಣ್ಣನು ಒಂದು ಅಗ್ಗದ ತಂತಿಯನ್ನು ಕೊಂಡುಕೊಂಡನು.

ರೋಣದಿಂದ ಪೂರ್ವಕ್ಕೆ ಸೂಡಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಡಳಿತಕ್ಕೊಳಪಟ್ಟಿದ್ದ ಕಿಸುಕಾಡು ನಾಡಿನ ಮುಖ್ಯಪಟ್ಟಣವಿದು. ಜೋಡುಕಳಸದ ಗುಡಿಯ ಎರಡು ಶಿಖರಗಳು ದೂರದಿಂದಲೇ ಕಾಣುತ್ತವೆ. ನಾಗಕುಂಡದ ಮೆಟ್ಟಿಲುಗಳನ್ನಿಳಿದರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ. ಇಲ್ಲಿಯ ಶಾಸನಗಳು ನಾಡಿನ ಚರಿತ್ರೆಗೆ ಬೆಲೆಯುಳ್ಳವು. ಶಾಸನವೆಂದರೆ ಅದಕ್ಕೊಂದು ಕ್ರಮವುಂಟು: ಆಳುವ ದೊರೆಯ ಹೆಸರು, ಶಕವರ್ಷ, ಸಂವತ್ಸರ, ತಿಥಿ, ದಾನದ ವಿವರ, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ. ಕೊನೆಯ ಸಾಲುಗಳು ಒಡೆದುಹೋದ ಕಲ್ಲನ್ನು ಯಾವ ವಿದ್ವಾಂಸನೂ ಬಿಸುಡುವುದಿಲ್ಲ, ಉಳಿದುದನ್ನು ಓದಿಕೊಳ್ಳುತ್ತಾನೆ. ಈ ಮಾತು ಆ ಸಂಜೆಗೆ ಬೇಕಾಗಿ ಬಂದಿತು.

ಗಜೇಂದ್ರಗಡವು ಸಮೀಪಿಸುತ್ತಲೇ ನೆಲದ ಸ್ವಭಾವ ಬದಲಾಗುತ್ತದೆ. ಎರೆ ಮುಗಿದು ಕೆಂಪು ಕಲ್ಲಿನ ಗುಡ್ಡಗಳ ಸಾಲು. ಅವುಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು. ಮರಾಠರಿಗೂ ಟೀಪುವಿಗೂ 1787ರಲ್ಲಿ ಒಪ್ಪಂದವಾದುದು ಈ ಊರಿನಲ್ಲಿ. ಬಂಡೆಯ ಮಡಿಲಲ್ಲಿ ಕಾಲಕಾಲೇಶ್ವರನ ಗುಡಿ. ಅಲ್ಲಿಯ ಅಂತರಗಂಗೆಯ ನೀರು ಬೇಸಗೆಯಲ್ಲಿಯೂ ಬತ್ತದೆ ಬಂಡೆಯೊಳಗಿಂದ ಜಿನುಗುತ್ತಿರುತ್ತದೆ. ಸುಮಾರು 70 ಕಿಲೋಮೀಟರು ತುಳಿದು, ಕೊನೆಯ ಏರನ್ನೂ ಹತ್ತಿ, ಗುಡಿಯ ಮೆಟ್ಟಿಲುಗಳ ಬುಡಕ್ಕೆ ಬಂದಾಗ ಹುಡುಗಿಯು ಯಂತ್ರದ ಗುಂಡಿ ಒತ್ತಲೆಂದು ಕೈಚಾಚಿದಳು. ಪರದೆಯು ಕಪ್ಪಾಗಿತ್ತು. ಬ್ಯಾಟರಿ ತೀರಿತ್ತು, ಸವಾರಿಯನ್ನು ಮುಗಿಸಿ ಉಳಿಸುವ ಕೆಲಸವಾಗಿರಲಿಲ್ಲ.

"ಅಣ್ಣಾ, ಎಲ್ಲಾ ಹೋತೇನು?"

"ತಡಿ ತಂಗಿ. ಏನೂ ಅಳಸಬ್ಯಾಡ, ಏನೂ ಒತ್ತಬ್ಯಾಡ. ಮೊದಲ ಚಾರ್ಜಿಗೆ ಹಾಕೋಣು."

ಅಣ್ಣನ ಈ ಮಾತು ಬಂಗಾರದಂಥದು. ಇಂಥ ಸಂದರ್ಭದಲ್ಲಿ ಗಾಬರಿಗೊಂಡವರು ಮೊದಲು ಮಾಡುವ ಕೆಲಸವೆಂದರೆ ಯಂತ್ರವನ್ನು ಹೊಸದರಂತೆ ಮಾಡುವ ಆಜ್ಞೆಯನ್ನು ಒತ್ತುವುದು. ಅದರೊಡನೆ ಸವಾರಿಯೂ ತೊಳೆದುಹೋಗುವ ಸಂಭವವಿದೆ. ಬ್ಯಾಟರಿ ತುಂಬಿದ ಮೇಲೆ ಕೆಲವು ಯಂತ್ರಗಳು ನಿಂತ ಸವಾರಿಯನ್ನು ಮುಂದುವರಿಸಬೇಕೇ ಎಂದು ತಾವೇ ಕೇಳುತ್ತವೆ. ಆಗ ಉಳಿಸುವ ಗುಂಡಿ ಒತ್ತಿದರೆ ತೊಂದರೆಯೇ ಇಲ್ಲ. ಈ ಯಂತ್ರವು ಕೇಳಲಿಲ್ಲ.

ರಾತ್ರಿ 8 ಗಂಟೆಗೆ ಪರಿಚಿತರ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರು ತೆರೆಯಿತು. ರೋಣದ ತಂತಿಯನ್ನು ಜೋಡಿಸಿದರೆ ಯಂತ್ರವು ಚಾರ್ಜಾಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಅರ್ಧ ಗಂಟೆ ಇದರಲ್ಲಿಯೇ ಕಳೆಯಿತು. ಯುಎಸ್‌ಬಿ ತಂತಿಯೊಳಗೆ ವಿದ್ಯುತ್ತಿಗೆ ಬೇರೆ, ಮಾಹಿತಿಗೆ ಬೇರೆ ಎಳೆಗಳಿರುತ್ತವೆ. ಅಗ್ಗದ ಕೆಲವು ತಂತಿಗಳಲ್ಲಿ ವಿದ್ಯುತ್ತಿನ ಎಳೆಗಳಷ್ಟೇ ಉಂಟು. ನೆರೆಮನೆಯ ಹುಡುಗನ ಹಳೆಯ ಕ್ಯಾಮರಾದ ತಂತಿಯಿಂದ ಯಂತ್ರವು ಕಂಡಿತು. ಆತುರದಲ್ಲಿ ಅಣ್ಣನು ಎದುರಿಗೆ ಸಿಕ್ಕ ಜಿಪಿಎಕ್ಸ್ ಕಡತವನ್ನು ಜಾಲತಾಣಕ್ಕೇರಿಸಿದನು. ಸಮಯದ ಮಾಹಿತಿಯಿಲ್ಲವೆಂದು ಅದು ತಿರಸ್ಕೃತವಾಯಿತು. ತಪ್ಪು ತಾಣದ್ದಲ್ಲ: ಅದು ಹಿಂದಿನ ದಿನ ನಕಾಶೆಯ ಮೇಲೆ ಗುರುತಿಸಿ ಯಂತ್ರಕ್ಕೆ ತುಂಬಿದ್ದ ಹಾದಿ, ತುಳಿದ ಸವಾರಿಯಲ್ಲ. ಹಾದಿಗೆ ಊರುಗಳುಂಟು, ಗಳಿಗೆಗಳಿಲ್ಲ.

ನಿಜವಾದ ಸವಾರಿಯು ಚಟುವಟಿಕೆಗಳ ಬೇರೊಂದು ಕೋಶದಲ್ಲಿ ಫಿಟ್ ಎಂಬ ಬಗೆಯ ಕಡತವಾಗಿ ಕುಳಿತಿತ್ತು. ಅದರ ಗಾತ್ರ ಸೊನ್ನೆಯಾಗಿರಲಿಲ್ಲವೆಂಬುದೇ ದೊಡ್ಡ ಸಮಾಧಾನ. ಆದರೆ ತಾಣವು ಅದನ್ನೂ ಒಪ್ಪಲಿಲ್ಲ, ಕಡತ ಕೆಟ್ಟಿದೆಯೆಂದಿತು. ಫಿಟ್ ಕಡತಕ್ಕೂ ಶಾಸನದಂತೆ ಮೊದಲು ಒಂದು ತಲೆಬರಹ, ಕಡೆಗೊಂದು ಮುದ್ರೆ. ತಲೆಬರಹದಲ್ಲಿ ಒಳಗಿನ ಬರಹದ ಉದ್ದ. ಕೊನೆಯಲ್ಲಿ, ಬರಹ ಕೆಟ್ಟಿಲ್ಲವೆಂದು ತಾಳೆನೋಡುವ ಎರಡು ಬೈಟುಗಳ ಲೆಕ್ಕ. ಸವಾರಿಯನ್ನು ಉಳಿಸುವ ಗಳಿಗೆಯಲ್ಲಿ ಇವು ಪೂರ್ತಿಯಾಗಬೇಕು. ಬ್ಯಾಟರಿಯು ನಡುವೆಯೇ ಕೈಕೊಟ್ಟರೆ ಕ್ಷಣಕ್ಷಣದ ಬರಹವೆಲ್ಲ ಉಳಿದೂ ಮುದ್ರೆ ಮಾತ್ರ ಬೀಳುವುದಿಲ್ಲ. ಹುಡುಗಿಯ ಸವಾರಿಯು ಕೊನೆಯ ಸಾಲು ಒಡೆದ ಕಲ್ಲಿನಂತಾಗಿತ್ತು.

ಅಣ್ಣನು ಮೂಲವನ್ನು ಮುಟ್ಟದೆ ಪ್ರತಿಯೊಂದನ್ನು ಮಾಡಿಕೊಂಡನು. ಕೆಟ್ಟ ಫಿಟ್ ಕಡತಗಳನ್ನು ಸರಿಪಡಿಸುವ ಉಪಕರಣಗಳು ಹಲವಿವೆ; ಓದಲು ಬರುವಷ್ಟನ್ನು ಓದಿ, ಅರೆಬರೆಯಾದ ಕೊನೆಯ ತುಣುಕನ್ನು ಕತ್ತರಿಸಿ, ಉದ್ದವನ್ನೂ ಲೆಕ್ಕವನ್ನೂ ಹೊಸದಾಗಿ ಬರೆಯುವುದು ಅವುಗಳ ಕೆಲಸ. ಜಿಪಿಎಕ್ಸ್‌ಗೆ ಪರಿವರ್ತಿಸಿದರೆ ಸುಲಭವಲ್ಲವೆ ಎಂದು ಹುಡುಗಿಯು ಕೇಳಿದಳು. ಸುಲಭವೇನೋ ಹೌದು, ಆದರೆ ಅದರಲ್ಲಿ ಸ್ಥಳ, ಎತ್ತರ, ಸಮಯ ಉಳಿದು ಎದೆಬಡಿತವು ಬಿಟ್ಟುಹೋಗುವ ಸಂಭವವಿದೆ. ತರಬೇತಿದಾರರಿಗೆ ಬೇಕಾದುದು ಅದೇ.

ಸರಿಯಾದ ಕಡತವು ತೆರೆದಾಗ ಹುಡುಗಿಯ ಮುಖ ಮತ್ತೊಮ್ಮೆ ಬಾಡಿತು. ಸವಾರಿ ಆರಂಭವಾದುದು ಹಿಂದಿನ ದಿನದ ರಾತ್ರಿ 11 ಗಂಟೆ 30 ನಿಮಿಷಕ್ಕೆಂದು ಅಲ್ಲಿ ಬರೆದಿತ್ತು! ಯಂತ್ರಕ್ಕೆ ಹುಚ್ಚು ಹಿಡಿದಿರಲಿಲ್ಲ. ಫಿಟ್ ಕಡತವು 1989ರ ಡಿಸೆಂಬರ್ 31ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುತ್ತದೆ, ಅದೂ ಜಾಗತಿಕ ವೇಳೆಯಲ್ಲಿ. ನಮ್ಮ ಗಡಿಯಾರವು ಅದಕ್ಕಿಂತ ಐದೂವರೆ ಗಂಟೆ ಮುಂದು. ನರಗುಂದದ ಬೆಳಗಿನ 5 ಗಂಟೆಯು ಅಲ್ಲಿ ನಿನ್ನೆಯ ನಡುರಾತ್ರಿಯ ಸಮೀಪ. ತೀರ ಹಳೆಯ ಯಂತ್ರಗಳಲ್ಲಿ ಇದಕ್ಕಿಂತ ದೊಡ್ಡ ಚಮತ್ಕಾರ ನಡೆಯುತ್ತದೆ: ಜಿಪಿಎಸ್ ಉಪಗ್ರಹಗಳ ಹಳೆಯ ಸಂಕೇತವು ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಹಿಡಿಯುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾದಾಗ, ತಿದ್ದುಪಡಿಯಿಲ್ಲದ ಕೆಲವು ಯಂತ್ರಗಳು ಸುಮಾರು 20 ವರ್ಷ ಹಿಂದಕ್ಕೆ ಸರಿದುವು. ಸವಾರಿ ಕಳೆದುಹೋಯಿತೆಂದು ಹುಡುಕುವವರು ಪಟ್ಟಿಯ ತಳದಲ್ಲಿ, ಹಳೆಯ ವರ್ಷಗಳಲ್ಲಿಯೂ ಒಮ್ಮೆ ಇಣಿಕಿ ನೋಡುವುದು ಒಳ್ಳೆಯದು.

ಕಡತವು ಹೊರಟಾಗ 10 ಗಂಟೆ 40 ನಿಮಿಷ. ಸ್ವಲ್ಪ ಹೊತ್ತಿನಲ್ಲಿಯೇ ಫೋನು ಮಿಡಿಯಿತು. "ಬಂತು" ಎಂಬ ಒಂದೇ ಮಾತು. ಮನೆಯ ಅಜ್ಜಿಯು ಕಟಕರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ತಂದಿಟ್ಟಳು.

ಪರದೆಯ ಮೇಲೆ ನರಗುಂದದಿಂದ ರೋಣದವರೆಗೆ ನೂಲೆಳೆದಂತೆ ಒಂದು ಗೆರೆ. ಸೂಡಿಯಲ್ಲಿ ನಾಗಕುಂಡದ ಸುತ್ತ ಅಡ್ಡಾಡಿದ ಸಣ್ಣ ಗಂಟು. ಮುಂದೆ ಗುಡ್ಡದ ಕಡೆಗೆ ಎದೆಬಡಿತದ ಏರು. ಗೆರೆಯು ಕಾಲಕಾಲೇಶ್ವರನ ಮೆಟ್ಟಿಲುಗಳಿಗೆ ಸ್ವಲ್ಪ ಈಚೆಗೇ ನಿಂತುಹೋಗಿತ್ತು.

"ಆ ಕಡೀ ಏರು ಇದರಾಗ ಇಲ್ಲಲ್ಲೋ ಅಣ್ಣಾ," ಎಂದಳು ಹುಡುಗಿ. ಅಣ್ಣನು ಕ್ಯಾಮರಾದ ತಂತಿಯನ್ನು ಸುತ್ತಿ ನೆರೆಮನೆಯ ಹುಡುಗನ ಕೈಗಿತ್ತನು.