ಕೇರೋದಲ್ಲಿ ಎರಡು ನದಿ

ಇಲಿನಾಯ್ ರಾಜ್ಯದ ದಕ್ಷಿಣದ ತುದಿ ಚೂಪಾಗುತ್ತ ಚೂಪಾಗುತ್ತ ಬಂದು ಕೊನೆಗೆ ನೀರಿಗಿಳಿಯುತ್ತದೆ. ಅಲ್ಲಿ ದೋಣಿಗಾರರ ನೆನಪಿಗೆ ಕಟ್ಟಿದ ಕಾಂಕ್ರೀಟ್ ಅಟ್ಟಣೆಯೊಂದಿದೆ. ಹತ್ತಿ ನಿಂತೆ. ಬಲಗಡೆಯಿಂದ ಮಿಸಿಸಿಪ್ಪಿ ಬರುತ್ತಿತ್ತು, ಗಟ್ಟಿ ಚಹದ ಬಣ್ಣ. ಎಡಗಡೆಯಿಂದ ಓಹಾಯೋ, ತುಸು ಹಸಿರು. ಕೂಡಿದ ಮೇಲೂ ಎರಡು ಬಣ್ಣಗಳು ಬೆರೆಯಲೊಲ್ಲದೆ ಬಲುದೂರ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಸಂಗಮವೆಂದರೆ ನಮ್ಮ ಕೈ ತಾನಾಗಿ ಕೂಡುತ್ತದೆ, ಮುಗಿದೆ. ಹೆಚ್ಚು ನೀರು ತರುವುದು ಓಹಾಯೋ, ಹೆಸರು ಉಳಿಯುವುದು ಮಿಸಿಸಿಪ್ಪಿಯದು.

ಬೆನ್ನ ಹಿಂದೆ ಊರು. ಬರೆಯುವುದು ಈಜಿಪ್ಟಿನ ಕೈರೋದ ಹಾಗೆಯೇ, ಊರವರ ಬಾಯಲ್ಲಿ ಕೇರೋ. ಹಡಗು, ರೈಲು, ಸರಕು ಎಲ್ಲ ಇಲ್ಲಿ ಕೈ ಬದಲಾಗುತ್ತಿದ್ದ ಕಾಲದಲ್ಲಿ, 1920ರ ಜನಗಣತಿಯಲ್ಲಿ, ಇಲ್ಲಿ 15 ಸಾವಿರಕ್ಕೂ ಮಿಕ್ಕಿ ಜನ. 2020ರಲ್ಲಿ 1,733.

ಉತ್ತರದಿಂದ ಬರುವಾಗ ರೈಲುಹಳಿಯ ಕೆಳಗಿನ ರಸ್ತೆಯ ನೆತ್ತಿಯಲ್ಲಿ ಉಕ್ಕಿನ ಬಾಗಿಲೊಂದು ತೂಗುತ್ತದೆ. 1914ರದು, ತೂಕ 80 ಟನ್. ನೆರೆ ಬಂದರೆ ಅದನ್ನಿಳಿಸಿ, ಸುತ್ತಲಿನ ಒಡ್ಡಿನೊಳಗೆ ಇಡೀ ಊರನ್ನು ಡಬ್ಬಿಯಂತೆ ಮುಚ್ಚಿಬಿಡುತ್ತಾರೆ. ಅದರಡಿ ಹಾದಾಗ ಮೈ ಜುಮ್ಮೆಂದಿತು. 2011ರ ಮೇ 2ರ ರಾತ್ರಿ ಈ ಊರು ಉಳಿಯಲೆಂದು ಸೇನೆಯ ಎಂಜಿನಿಯರುಗಳು ಮಿಸಿಸಿಪ್ಪಿಯ ಆಚೆ ದಡದಲ್ಲಿ ಮಿಸೌರಿ ರಾಜ್ಯದ ಒಡ್ಡನ್ನೇ ಸಿಡಿಸಿ, ಸುಮಾರು 1 ಲಕ್ಷ 30 ಸಾವಿರ ಎಕರೆಯ ಮೇಲೆ ನೀರು ನುಗ್ಗಿಸಿದರು. ಇಷ್ಟು ಜತನದಿಂದ ಕಾಯ್ದ ಊರಿನ ಕಮರ್ಷಿಯಲ್ ಅವೆನ್ಯೂದಲ್ಲಿ ನಡೆದರೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳುತ್ತಿತ್ತು. ಮುಂಗೋಡೆ ನಿಂತಿದೆ, ಮಾಡು ಇಲ್ಲ. ಕಿಟಕಿಯಿಂದ ಇಣುಕಿದರೆ ಅಂಗಡಿಯೊಳಗೆ ಆಳೆತ್ತರದ ಗಿಡ. ಹೊಸ್ತಿಲಿನ ಪುಟ್ಟ ಬಿಳಿ ಹೆಂಚುಗಳ ಸಂದಿಯಲ್ಲಿ ಹುಲ್ಲು ಎಷ್ಟು ನೇರ ಸಾಲು ಹಿಡಿದಿತ್ತೆಂದರೆ, ಯಾರೋ ನಾಟಿ ಮಾಡಿದಂತಿತ್ತು.

ಊರು ಹೀಗೆ ಬರಿದಾದದ್ದು ಒಮ್ಮೆಗೇ ಅಲ್ಲ. 1889ರಲ್ಲಿ ಓಹಾಯೋಗೆ ರೈಲುಸೇತುವೆ ಬಂತು, ಬೋಗಿಗಳನ್ನು ದಾಟಿಸುತ್ತಿದ್ದ ದೋಣಿಗಳ ಕೆಲಸ ಹೋಯಿತು. ಹೆದ್ದಾರಿ ಊರನ್ನು ಬಿಟ್ಟು ಪಕ್ಕದಿಂದ ಹೋಯಿತು. ಇವು ಬೇರೆ ಊರುಗಳಿಗೂ ಆದವು. ಕೇರೋದ ಗಾಯ ಇನ್ನೂ ಒಳಗಿನದು. ಕಪ್ಪು ಮಕ್ಕಳನ್ನು ಬಿಳಿಯರ ಜೊತೆಗೆ ಈಜಲು ಬಿಡಬೇಕಾಗುತ್ತದೆಂದು 1960ರ ದಶಕದಲ್ಲಿ ಈಜುಕೊಳವನ್ನೇ ಮುಚ್ಚಿದರು, ಮುಂದೆ ಅದಕ್ಕೆ ಕಾಂಕ್ರೀಟ್ ಸುರಿದರು. 1967ರಲ್ಲಿ ರಜೆಗೆ ಬಂದಿದ್ದ ಕಪ್ಪು ಸೈನಿಕನೊಬ್ಬ ಲಾಕಪ್ಪಿನಲ್ಲಿ ಸತ್ತ. 1969ರಲ್ಲಿ, ನಮ್ಮವರಿಗೂ ಕೆಲಸ ಕೊಡಿ ಎಂದು ಕಪ್ಪು ಜನ ಬಿಳಿಯರ ಅಂಗಡಿಗಳಲ್ಲಿ ಕೊಳ್ಳುವುದನ್ನು ನಿಲ್ಲಿಸಿದರು. ಕೆಲಸ ಕೊಡುವ ಬದಲು ಅಂಗಡಿಗೇ ಬೀಗ ಹಾಕಿದವರು ಎಷ್ಟೋ. ಎರಡು ನದಿಗಳು ಕೂಡುವ ಜಾಗದಲ್ಲಿ ಮನುಷ್ಯರು ಕೂಡಲಿಲ್ಲವೆಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

1986ರಲ್ಲಿ ಆಸ್ಪತ್ರೆ ಮುಚ್ಚಿತು, 2015ರಲ್ಲಿ ದಿನಸಿ ಅಂಗಡಿ. ಹಾಲು, ಮೊಟ್ಟೆಗೂ ನದಿ ದಾಟಬೇಕಾಯಿತು. ವಾಸಕ್ಕೆ ಯೋಗ್ಯವಲ್ಲದಷ್ಟು ಕೆಡಲು ಬಿಟ್ಟಿದ್ದ ಎಲ್ಮ್‌ವುಡ್, ಮೆಕ್‌ಬ್ರೈಡ್ ಎಂಬ ಸರ್ಕಾರಿ ವಸತಿಗಳನ್ನು 2017ರಲ್ಲಿ ತೆರವು ಮಾಡಲು ಹೊರಟಾಗ ಸುಮಾರು 400 ಜನ, ಹೆಚ್ಚಿನವರು ಬಡ ಕಪ್ಪು ಕುಟುಂಬದವರು, ಗಂಟುಮೂಟೆ ಕಟ್ಟಬೇಕಾಯಿತು. 2023ರಲ್ಲಿ ಉಳಿದವರು ಕೂಡಿ ಸಹಕಾರಿ ದಿನಸಿ ಅಂಗಡಿ ತೆರೆದರೆಂದು ಕೇಳಿ ಕಣ್ಣು ತುಂಬಿತು.

ಸಂಜೆ, ನೆರೆಮನೆಗಳೇ ಇಲ್ಲದ ಬೀದಿಯಲ್ಲಿ ಅಜ್ಜಿಯೊಬ್ಬರು ಜಗಲಿ ಗುಡಿಸುತ್ತಿದ್ದರು. ನನ್ನನ್ನು ಕಂಡು ಪೊರಕೆ ನಿಲ್ಲಿಸಿದರು.

“ನದಿ ನೋಡಿದೆಯಾ ಮಗೂ?”

“ನೋಡಿದೆ.”

“ಎರಡನ್ನೂ?”